ಗಂಗಾಂಬಿಕಾಳ ಅರ್ಧ ತಾಸು

ಗಂಗಾಂಬಿಕಾ ಹುಟ್ಟಿದ್ದು ಬಂಡ್ರಿಯಲ್ಲಿ, ಗಣಿ ಕೂಲಿಯವರ ಮನೆಯಲ್ಲಿ. ಸಂಡೂರಿನಲ್ಲಿ ಡಿಪ್ಲೊಮಾ ಓದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕಾಂಟ್ರಾಕ್ಟ್ ಮೇಲೆ ಶಿಫ್ಟ್ ಮಾಡಿ, ಹೊನ್ನೂರುಸ್ವಾಮಿಯನ್ನು ಮದುವೆಯಾಗಿ ಕಂಪ್ಲಿಗೆ ಬಂದಳು. ಬಾಳೆ ಬೆಳೆಗಾರರ ಸಂಘದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಈಗ ಹದಿಮೂರು ವರ್ಷ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇರಲಿ ಬಿಡಿ, ಕೆಲಸಗಾರ್ತಿ.

ಹೊಸಪೇಟೆಯ ಡ್ಯಾಮಿನ ಗೇಟು ತೆಗೆದರೆ ನೀರು ಕಂಪ್ಲಿ ದಂಡೆಗೆ ಮುಟ್ಟಲು ಕೆಲವು ತಾಸು ಬೇಕು. ಅಷ್ಟರೊಳಗೆ ರೈತರು ಹೊಳೆಯಲ್ಲಿಟ್ಟ ಮೋಟಾರುಗಳನ್ನು ಮೇಲೆತ್ತಬೇಕು. ಎಷ್ಟು ಹೊತ್ತಿಗೆ ಗೇಟು ತೆಗೆದರು ಎಂದು ಹಾಕಿದರೆ ನೀರು ಬರುವ ಹೊತ್ತನ್ನು ಲೆಕ್ಕ ಹಾಕಿ ಇನ್ನೂರು ಜನರ ಮೊಬೈಲಿಗೆ ಮೆಸೇಜ್ ಕಳಿಸುವ ಪ್ರೋಗ್ರಾಮನ್ನು ಹನ್ನೊಂದು ವರ್ಷದ ಹಿಂದೆ ಅವಳೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಳು. ಆಗ ಚಾಲ್ತಿಯಲ್ಲಿದ್ದದ್ದು ಪೈಥಾನ್ ಎರಡು.

ಆಫೀಸಿನ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್. ಅದನ್ನು ಹೊರತರುವವರು ಪೈಥಾನ್ ಎರಡನ್ನು ತೆಗೆಯುತ್ತೇವೆ, ಎಲ್ಲರೂ ಮೂರಕ್ಕೆ ಬನ್ನಿ ಎಂದು ವರ್ಷಗಟ್ಟಲೆ ಬಡಕೊಂಡರು. ಇವಳು ನಾಳೆ ನಾಡಿದ್ದು ಅಂತ ತಳ್ಳಿದಳು. ಈ ಜೂನಿನಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಹೊಸ ಲಿನಕ್ಸ್ ಹಾಕಿ ನೋಡಿದರೆ ಪೈಥಾನ್ ಎರಡರ ಹೆಸರೇ ಇಲ್ಲ! ಹೊಳೆ ತುಂಬುವ ಕಾಲ ಬೇರೆ. ಮೂರು ದಿನ ಊಟ ಬಿಟ್ಟು ಕೂತು, ಬಂದ ತಪ್ಪನ್ನೆಲ್ಲ ತಿದ್ದಿ, ಪೆನ್ ಡ್ರೈವಿನಲ್ಲಿ ಉಳಿದಿದ್ದ ಪ್ರೋಗ್ರಾಮನ್ನು ಮೂರಕ್ಕೆ ತಂದಳು. ಕೊನೆಗೆ ಒಂದೂ ತಪ್ಪಿಲ್ಲದೆ ಓಡಿತು. ಎಷ್ಟು ಬೀಗಿದಳು ಅಂತೀರಿ!

ಆಗಸ್ಟಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಗೇಟು ತೆಗೆದರು. ‘ಮಧ್ಯಾಹ್ನ ಒಂದೂವರೆಗೆ ನೀರು’ ಎಂದು ಮೆಸೇಜ್ ಹೋಯಿತು. ಹನ್ನೆರಡೂ ಐವತ್ತಕ್ಕೆ ಗಂಡನ ಫೋನು.

“ನಾನೂ ಜಂಬಪ್ಪನೂ ಈಗ ಹೊಳಿಗಿಳಿತೀವಿ. ಎರಡಕ್ಕ ಬರ್ತೈತಲ್ಲ ನೀರು, ಮಸ್ತ್ ಟೈಮೈತಿ.” ಜಂಬಪ್ಪ ಪಕ್ಕದ ಹೊಲದವನು.

“ಎರಡಕ್ಕಲ್ರೀ, ಒಂದೂವರಿಗೆ.”

“ಅದು ನಿನ್ನ ಟೈಮು. ನೀ ಹೇಳಿದ ಟೈಮಿಗಿಂತ ಅರ್ಧ ತಾಸು ತಡಾ ಆಗೇ ನೀರು ಬರೋದು. ದಂಡಿ ಮಂದಿಗೆಲ್ಲ ಗೊತ್ತೈತಿ. ಈ ಸಲ ಏನು, ಮೆಸೇಜ್‌ನಾಗ ಅರ್ಧ ತಾಸೂ ಬಂದೈತಿ? ಯಾವಾಗ್ಲೂ ಬರೇ ಗಂಟಿ ಇರ್ತಿತ್ತು.” ಫೋನ್ ಇಟ್ಟುಬಿಟ್ಟ.

ಬರೇ ಗಂಟೆ. ಡ್ಯಾಮಿನಿಂದ ದಂಡೆಗಿರುವ ಮೂವತ್ತೈದು ಕಿಲೋಮೀಟರನ್ನು ನೀರು ಹರಿಯುವ ತಾಸಿಗೆ ಹತ್ತರ ವೇಗದಿಂದ ಭಾಗಿಸು ಎಂದು ಕಂಪ್ಯೂಟರಿಗೆ ಹೊಡೆದಳು. ಮೂರೂವರೆ ಎಂದಿತು. ಪೈಥಾನ್ ಎರಡಾಗಿದ್ದರೆ ಮೂರು ಎನ್ನುತ್ತಿತ್ತು, ಮಿಕ್ಕಿದ್ದನ್ನು ನುಂಗಿಬಿಡುತ್ತಿತ್ತು. ಇಷ್ಟು ವರ್ಷ ಅವಳ ಮೆಸೇಜು ನೀರಿಗಿಂತ ಮುಂಚಿನ ಹೊತ್ತು ಹೇಳಿತ್ತು, ಜನ ಆ ತಪ್ಪನ್ನು ಕಲಿತು ಅದರಂತೆ ಬದುಕಿದ್ದರು. ಈಗ ಅದು ಖರೇ ಹೊತ್ತು ಹೇಳಿದೆ.

ಗಂಡನಿಗೆ ಫೋನ್ ಹಚ್ಚಿದಳು, ಎತ್ತಲಿಲ್ಲ. ‘ಈಗಲೇ ಮೇಲೆ ಬನ್ನಿ’ ಎಂದು ಎಲ್ಲರಿಗೂ ಮೆಸೇಜ್ ಒತ್ತಿದಳು. ಹೊಳೆಗಿಳಿಯುವವರು ಅಂಗಿ, ಫೋನು ದಂಡೆಯಲ್ಲಿಟ್ಟೇ ಇಳಿಯುತ್ತಾರೆ, ನೋಡುವವರು ಯಾರು? ಬಾಗಿಲು ಕೂಡ ಹಾಕದೆ ಸ್ಕೂಟಿ ಹತ್ತಿದಳು. ಗದ್ದೆ ಬದುವಿನ ಕೆಸರಲ್ಲಿ ಸ್ಕೂಟಿ ಸಿಕ್ಕಿಬಿತ್ತು. ಅಲ್ಲೇ ಕೆಡವಿ ಓಡಿದಳು.

ದಂಡೆ ಮುಟ್ಟಿದಾಗ ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಬೇರೆಯವರು ಮೆಸೇಜ್ ನೋಡಿಯೋ, ಕೆಲಸ ಮುಗಿಸಿಯೋ ಮೇಲೆ ಬಂದಿದ್ದರು. ಇವರಿಬ್ಬರು ಮಾತ್ರ ಸೊಂಟದ ಮಟ್ಟ ನೀರಲ್ಲಿ ಮೋಟಾರಿನ ಬೋಲ್ಟಿಗೆ ಜೋತುಬಿದ್ದಿದ್ದರು.

“ಬರ್ರಿ ಮ್ಯಾಲೆ! ಜಲ್ದಿ!”

“ಒಂದೇ ಬೋಲ್ಟ್ ಐತೆ. ನಿಂದ್ರು,” ಎಂದ ಹೊನ್ನೂರುಸ್ವಾಮಿ.

“ಬೆಂಕಿ ಬೀಳ್ಲಿ ನಿನ್ನ ಬೋಲ್ಟಿಗೆ! ಈ ಸಲ ನಾ ಹೇಳಿದ್ದು ಖರೇ ಟೈಮು!”

ಅವನು ನಕ್ಕ. ಹನ್ನೊಂದು ವರ್ಷದ ಅನುಭವ ಅವನದು, ಯಾಕೆ ನಂಬಿಯಾನು? ಗಂಗಾಂಬಿಕಾ ಉಟ್ಟ ಸೀರೆಯಲ್ಲೇ ನೀರಿಗಿಳಿದಳು. ಅವಳಿಗೆ ಈಜು ಬಾರದು, ಅದು ಅವನಿಗೆ ಗೊತ್ತು. ಸೊಂಟ ಮುಟ್ಟುವ ನೀರಲ್ಲಿ ಅವಳ ಕಾಲು ತಡವರಿಸಿದ್ದೇ ತಡ, ಅವನು ಬೋಲ್ಟ್ ಬಿಚ್ಚುವ ಪಾನಾ ಬಿಸಾಕಿ ಅವಳನ್ನು ಹಿಡಿಯಲು ಬಂದ. ಹಿಡಿದವನ ಕೈಯನ್ನು ಅವಳು ಬಿಡಲೇ ಇಲ್ಲ, ದಂಡೆಗೆ ಎಳೆದಳು. ಜಂಬಪ್ಪ ಗಾಬರಿಯಾಗಿ ಹಿಂದೆಯೇ ಬಂದ.

ಒಂದೂವರೆಗೆ ಹೊಳೆ ಕೆಂಪಗೆ ತಿರುಗಿ ಏರಿತು. ಮೋಟಾರು ಅವರ ಕಣ್ಣೆದುರೇ ಹೋಯಿತು. ಹೊನ್ನೂರುಸ್ವಾಮಿ ಬೈಯಲು ಬಾಯಿ ತೆರೆದವನು ನೀರು ನೋಡಿ ಹಾಗೇ ಕುಸಿದು ಕೂತ. ಅವಳು ಅವನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಅತ್ತಳು.

“ಮೊದಲಿನಂಗ ತಪ್ಪೇ ಹೇಳಲೇ ನೀನು,” ಎಂದ ಅವನು.

ಮಾರನೆಯ ದಿನ ಅವಳು ಭಾಗಾಕಾರದ ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆದಳು. ಹಾಗೆ ಬರೆದರೆ ಪೈಥಾನ್ ಮೂರು ಕೂಡ ಮಿಕ್ಕಿದ್ದನ್ನು ನುಂಗುತ್ತದೆ. ಕಷ್ಟಪಟ್ಟು ಸರಿ ಮಾಡಿದ್ದನ್ನು ಗೊತ್ತಿದ್ದೂ ಗೊತ್ತಿದ್ದೂ ಕೆಡಿಸಿದಳು.

ಸೆಪ್ಟೆಂಬರಿನಲ್ಲಿ ಮತ್ತೆ ಗೇಟು ತೆಗೆದರು. ‘ಮೂರು ಗಂಟೆಗೆ ನೀರು’ ಎಂದು ಮೆಸೇಜ್ ಹೋಯಿತು. ಮೆಸೇಜಿನಲ್ಲಿ ಮತ್ತೆ ಬರೇ ಗಂಟೆ ನೋಡಿದ ದಂಡೆಯವರು ಮೂರೂಕಾಲಿಗೆ ಮೋಟಾರು ಹೊತ್ತು, ಬೀಡಿ ಹಚ್ಚಿ, ನಿಧಾನಕ್ಕೆ ಮೇಲೆ ಬಂದರು. ಮೂರೂವರೆಗೆ ನೀರು ಬಂತು.

“ಏನವ್ವಾ ಗಂಗಮ್ಮ, ಹೊಸಾದು ಹಾಕೀನಿ ಅಂದಿ. ನಿನ್ನ ಕಂಪ್ಯೂಟರ್ ಮತ್ತ ಅರ್ಧ ತಾಸು ಮುಂದ ಓಡ್ತೈತಲ್ಲ!” ಎಂದು ಜಂಬಪ್ಪ ಎಲ್ಲರೆದುರು ನಗಾಡಿದ.

ಗಂಗಾಂಬಿಕಾ ದಂಡೆಯ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿದಳು.

“ಏನ್ಮಾಡ್ಲಿ ಮಾವಾ,” ಅಂದಳು, “ನಂಗ ಅಷ್ಟೇ ಬರೋದು.”