ಮಸ್ಕಿಯಾಕಿಯ ಮಾತಿಗೆ ಅಡಿಟಿಪ್ಪಣಿ

ಲಿಂಗಸುಗೂರಿನ ಕಾಲೇಜಿನಲ್ಲಿ ನನ್ನ ಮಾರ್ಗದರ್ಶಕರು ಪ್ರಬಂಧದ ಹಾಳೆಗಳನ್ನು ಮತ್ತೊಮ್ಮೆ ನನ್ನ ಕಡೆ ಸರಿಸಿದರು. ಈ ಸಲ ಕೆಂಪು ಗೀಟು ಬಿದ್ದದ್ದು ಒಂದೇ ಕಡೆ. ಆದರೆ ಎಲ್ಲಿ ಬೀಳಬಾರದೋ ಅಲ್ಲೇ.

“ಈ ಮಾತು ಯಾರದ್ರಿ ಮೇಡಂ?”

“ನಮ್ಮ ದೊಡ್ಡವ್ವನ ಅತ್ತೀದ್ರಿ ಸರ್. ಬರದೀನಲ್ರಿ.”

“ಅತ್ತಿ ಅನ್ನೋದು ಹೆಸರಲ್ರಿ. ಯಾರು, ಯಾವ ಊರು, ನಿಮಗ ಯಾರು ಹೇಳಿದ್ರು, ಯಾವಾಗ ಹೇಳಿದ್ರು, ಎಲ್ಲಾ ಅಡಿಟಿಪ್ಪಣಿಯೊಳಗ ಬರಬೇಕು. ಇಲ್ಲಂದ್ರ ಅದನ್ನ ತಗದುಬಿಡ್ರಿ.”

ನಾನು ಮಸ್ಕಿಯ ಒಂದು ಕಚೇರಿಯಲ್ಲಿ ಗುಮಾಸ್ತೆ, ಮನೆ ಸಿಂಧನೂರಿನಲ್ಲಿ. ಮಕ್ಕಳು ಕೈಗೆ ಬಂದ ಮೇಲೆ, ಓದುವ ಹಳೆಯ ಆಸೆ ತಡೆಯದೆ, ದೂರಶಿಕ್ಷಣದಲ್ಲಿ ಎಂ.ಎ.ಗೆ ಸೇರಿದ್ದೆ. ಕೊನೆಗೆ ಒಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು. ಕಾಲುವೆ ಬಂದ ಮೇಲೆ ನಮ್ಮ ಕಡೆಯ ಹೆಂಗಸರ ದುಡಿಮೆ ಏನಾಯಿತು ಎಂಬ ವಿಷಯ ಹಿಡಿದೆ. ಪುಸ್ತಕಗಳಿಂದ ತೆಗೆದುಕೊಂಡ ಮಾತುಗಳಿಗೇನೂ ತಕರಾರಿರಲಿಲ್ಲ. ಲೇಖಕ, ವರ್ಷ, ಪುಟ ಎಲ್ಲ ಸಾಲಾಗಿ ಕೂತಿದ್ದವು. ಆದರೆ ನಾನು ಆ ವಿಷಯ ಹಿಡಿದದ್ದೇ ಪುಸ್ತಕದಲ್ಲಿಲ್ಲದ ಒಂದು ಮಾತಿಗಾಗಿ. ಅದು ಹೀಗಿತ್ತು: “ಹೊಲಕ್ಕ ನೀರು ಬಂತು, ಮನಿಗೆ ಬರಲಿಲ್ಲ. ಗಂಡಸರು ಮಡಿಗೆ ನೀರು ತಿರುವಿದ್ರು, ನಾವು ಕೊಡ ಹೊತ್ತಿವಿ. ಎಲ್ಲಾರು ಕಾಲುವಿ ನೋಡಿ ಕುಣದಾರ. ನಾ ಕುಣದಿಲ್ಲ.”

ಹೇಳಿದವಳು ಗೊರೇಬಾಳದ ನಮ್ಮ ದೊಡ್ಡವ್ವನ, ಅಂದರೆ ಅವ್ವನ ಅಕ್ಕನ, ಅತ್ತೆ. ನಾನು ಮಾತು ಕಲಿತದ್ದು ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ. ಅತ್ತೆ ತೀರಿ ಬಹಳ ಕಾಲವಾಗಿತ್ತು, ಆದರೆ ಅವಳ ಮಾತನ್ನು ದೊಡ್ಡವ್ವ ಅದೇ ಏರಿಳಿತದಲ್ಲಿ, ಕೈ ಸೊಂಟದ ಮೇಲಿಟ್ಟು ಹೇಳುತ್ತಿದ್ದಳು. ಕಾಲುವೆಯ ಬಗ್ಗೆ ನಾನು ಓದಿದ ಯಾವ ಪುಟದಲ್ಲೂ ಕುಣಿಯದೆ ನಿಂತ ಹೆಂಗಸು ಇರಲಿಲ್ಲ. ಇವಳೊಬ್ಬಳಾದರೂ ಇರಲಿ, ಅವಳ ಬಾಯಿಂದಲೇ ಇರಲಿ ಎಂಬುದು ನನ್ನ ಹಟ.

ಮೊದಲ ಸಲ ಸರ್ ಬೇರೆ ತಪ್ಪು ಹಿಡಿದಿದ್ದರು. “ಉದ್ಧರಣೆ ತಂದು ಒಗದುಬಿಟ್ಟೀರಿ. ಹಿಂದ ಮುಂದ ಏನೂ ಇಲ್ಲ. ಯಾಕ ತಂದ್ರಿ, ಇದರಿಂದ ಏನು ತಿಳೀತು, ಅದನ್ನ ನೀವು ಹೇಳಬೇಕು.” ಅದು ನ್ಯಾಯವಾಗಿತ್ತು. ಮಾತು ಬರುವ ಮೊದಲು ಸಂದರ್ಭ ಬರೆದೆ, ಮಾತಾದ ಮೇಲೆ ವಿವರಣೆ ಬರೆದೆ. ಎರಡನೆಯ ಸಲ ಹೋದಾಗ ಅವರೇ ಪೆನ್ನು ಹಿಡಿದು ತಿದ್ದಿದರು: ‘ಕಾಲುವೆಯ ನೀರು ಕೃಷಿಭೂಮಿಯನ್ನು ತಲುಪಿದರೂ ಗೃಹಬಳಕೆಗೆ ಲಭ್ಯವಾಗಲಿಲ್ಲವೆಂದು ಮಾಹಿತಿದಾರರು ಅಭಿಪ್ರಾಯಪಟ್ಟರು.’

ನನಗೆ ಮೈ ಉರಿಯಿತು. “ಸರ್, ಆ ಮುದುಕಿ ಎಲ್ಲಿ ಅಭಿಪ್ರಾಯಪಟ್ಟಾಳ್ರಿ? ಬೈದಾಳ.”

ಅವರು ನಕ್ಕರು, ಮೂಲ ಮಾತನ್ನು ಉಳಿಸಲು ಒಪ್ಪಿದರು. ಈಗ ಈ ಹೆಸರಿನ ತಂಟೆ ತೆಗೆದಿದ್ದರು.

ಹೆಸರು ತಾನೆ ಎಂದುಕೊಂಡು ಭಾನುವಾರ ಗೊರೇಬಾಳಕ್ಕೆ ಹೋದೆ. ದೊಡ್ಡವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

“ದೊಡ್ಡವ್ವ, ನಿಮ್ಮತ್ತಿ ಹೆಸರೇನು?”

ಅವಳ ಕೈ ನಿಂತಿತು. “ಯಾಕ ಬೇ?”

“ಬರೀಬೇಕು.”

“ಮಸ್ಕಿಯಾಕಿ ಅಂತ ಬರಿ. ಊರಿಗೂರ ಹಂಗ ಕರೀತಿತ್ತು.”

ನಮ್ಮಲ್ಲಿ ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರಿನಿಂದಲೇ ಕರೆಯುತ್ತಾರೆ. ಗಂಡನ ಹೆಸರನ್ನು ಹೇಗೋ ಹಾಗೆಯೇ ಅತ್ತೆಯ ಹೆಸರನ್ನೂ ಸೊಸೆ ಬಾಯಲ್ಲಿ ತರುವುದಿಲ್ಲ. ಇದೆಲ್ಲ ಗೊತ್ತಿದ್ದೂ ಕೇಳಿದ್ದೆ.

“ಅದು ನಡಿಯಂಗಿಲ್ಲ ದೊಡ್ಡವ್ವ. ಖರೇ ಹೆಸರು ಬೇಕು.”

“ನಾ ಹೇಳಂಗಿಲ್ಲ.”

“ಆಕಿ ಸತ್ತು ಎಷ್ಟ ಕಾಲಾತು!”

“ಸತ್ತರ ಅತ್ತಿ ಅಲ್ಲೇನು ಆಕಿ? ಸತ್ತಾಳಂತ ಹಗರ ಆದಳೇನು?”

ಹೊರಗೆ ಬೈಕು ಒರೆಸುತ್ತಿದ್ದ ಅವಳ ಮಗ ಅಲ್ಲಿಂದಲೇ ಅಜ್ಜಿಯ ಹೆಸರನ್ನು ಕೂಗಿ ಹೇಳಿಬಿಟ್ಟ. ಹೆಸರು ಸಿಕ್ಕಿತು ಎಂದು ನಾನು ಹಿಗ್ಗಿದೆ. ಆದರೆ ದೊಡ್ಡವ್ವ ಮೊರ ಕೆಳಗಿಟ್ಟಳು.

“ಬರಕೋ. ಆದ್ರ ಆ ಮಾತು ನಾ ಹೇಳೀನಂತ ಬರೀಬ್ಯಾಡ.”

“ನೀನ ಹೇಳಿದ್ದಲ್ಲ?”

“ಮಾತು ಹೇಳೀನಿ, ಹೆಸರು ಹೇಳಿಲ್ಲ. ಎರಡೂ ಕೂಡಿಸಿ ಬರದ್ರ ಓದಿದವರು ಏನಂತಾರ? ಸೊಸಿ ಅತ್ತಿ ಹೆಸರು ಕರದಾಳ ಅಂತಾರ.”

“ಓದೋರು ಲಿಂಗಸುಗೂರಾಗ ಇಬ್ಬರು ಇರ್ತಾರ ದೊಡ್ಡವ್ವ!”

“ಇಬ್ಬರ ಮುಂದ ಯಾಕ ನನ್ನ ಮರ್ಯಾದಿ ಕಳೀತಿ?”

ಅಡಿಟಿಪ್ಪಣಿಯಲ್ಲಿ ಅತ್ತೆಯ ಹೆಸರು ಇಟ್ಟರೆ ದೊಡ್ಡವ್ವ ಹೋಗುತ್ತಾಳೆ. ದೊಡ್ಡವ್ವ ಹೋದರೆ ಮಾತು ನನಗೆ ಎಲ್ಲಿಂದ ಬಂತು ಎಂಬುದಕ್ಕೆ ಪುರಾವೆ ಇಲ್ಲ. ದೊಡ್ಡವ್ವನನ್ನು ಇಟ್ಟರೆ ಹೆಸರು ಹೋಗುತ್ತದೆ. ಅವಳ ಮಗನೇ ಹೇಳಿದ ಎಂದು ಬರೆಯೋಣವೆಂದರೆ, ಅವನು ಆ ಮಾತನ್ನು ನನಗೆ ಹೇಳಿಯೇ ಇರಲಿಲ್ಲ, ಸುಳ್ಳು ಬರೆದಂತಾಗುತ್ತದೆ. ಸಂಜೆಯ ಆಟೋದಲ್ಲಿ ಸಿಂಧನೂರಿಗೆ ಬರುವಾಗ ಸರ್ ಮೇಲೆ, ದೊಡ್ಡವ್ವನ ಮೇಲೆ, ಎಂ.ಎ. ಎಂಬ ಪದವಿಯ ಮೇಲೂ ಸಿಟ್ಟು ಬಂತು. ಎರಡೂ ಕಡೆಯವರು ಕೇಳುತ್ತಿದ್ದದ್ದು ಮಾತಿನ ಮರ್ಯಾದೆಯನ್ನೇ. ನಡುವೆ ಹೈರಾಣಾಗಿದ್ದವಳು ನಾನು.

ಕೊನೆಗೆ ಅಡಿಟಿಪ್ಪಣಿ ಹೀಗೆ ಬರೆದೆ: ‘ಮಸ್ಕಿಯಿಂದ ಗೊರೇಬಾಳಕ್ಕೆ ಸೊಸೆಯಾಗಿ ಬಂದ ಹಿರಿಯಳ ಮಾತು. ಅವಳ ಸೊಸೆಯಿಂದ ಲೇಖಕಿ ಮನೆಯಲ್ಲಿ ಕೇಳಿದ್ದು. ಅತ್ತೆಯ ಹೆಸರನ್ನು ಸೊಸೆ ಹೇಳುವ ರೂಢಿ ಇಲ್ಲವಾದ್ದರಿಂದ ಹೆಸರು ಕೊಟ್ಟಿಲ್ಲ.’ ಅದರ ಮುಂದೆ ದೊಡ್ಡವ್ವನ ಹೆಸರು, ಊರು, ಕೇಳಿದ ಕಾಲ.

ಸರ್ ಓದಿ ಕನ್ನಡಕ ತೆಗೆದರು. “ನೋಡ್ರಿ ಮೇಡಂ, ನನಗ ತಿಳೀತದ. ನಮ್ಮನ್ಯಾಗೂ ಹಿಂಗ. ಆದ್ರ ಪರೀಕ್ಷಕರು ಹೊರಗಿನವರು.”

“ಅವರ ಮನ್ಯಾಗ ಅತ್ತಿ ಸೊಸಿ ಇಲ್ಲೇನ್ರಿ?”

“ಇರ್ತಾರ. ಅಂಕ ಹಾಕೂವಾಗ ನೆನಪಾಗಂಗಿಲ್ಲ. ಸುಮ್ನ ತಗದುಬಿಡ್ರಿ, ಪ್ರಬಂಧ ಚಲೋ ಐತಿ.”

“ಅದನ್ನ ತಗದ್ರ ಚಲೋ ಏನು ಉಳೀತದ್ರಿ?”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಸಹಿ ಹಾಕಿದರು. “ನಾ ಹೇಳಿಲ್ಲ ಅನ್ನಬ್ಯಾಡ್ರಿ ಮತ್ತ.”

ಅವರು ಹೇಳಿದಂತೆಯೇ ಆಯಿತು. ತೇರ್ಗಡೆಯಾದೆ, ಆದರೆ ಪ್ರಬಂಧದ ಅಂಕ ನೋಡಿ ಮುಖ ಸಣ್ಣದಾಯಿತು. ಪರೀಕ್ಷಕರು ಏನು ಬರೆದಿದ್ದಾರೆ ಎಂದು ಕೇಳಿದ್ದಕ್ಕೆ ಸರ್ ಆ ಪುಟ ತೆರೆದು ತೋರಿಸಿದರು. ಮಸ್ಕಿಯಾಕಿಯ ಮಾತಿನ ಪಕ್ಕದಲ್ಲಿ ಎರಡು ಪದ: ‘ಆಧಾರ ಅಪೂರ್ಣ’.

ಆ ಭಾನುವಾರ ಗೊರೇಬಾಳಕ್ಕೆ ಹೋದಾಗ ದೊಡ್ಡವ್ವನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅವಳ ರೂಢಿ, ಅವರ ನಿಯಮ, ನನ್ನ ಅಂಕ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

“ಆಕಿ ಮಾತು ಇಟ್ಟಾರೋ, ತಗದಾರೋ?”

“ಇಟ್ಟಾರ.”

“ಹೆಂಗ ಅಂದಿದ್ದಳೋ ಹಂಗ?”

“ಹಂಗ.”

“ಆಕಿ ಕುಣದಿಲ್ಲ ಅನ್ನೋದು?”

“ಅದೂ ಐತಿ.”

“ಮತ್ತ ಮಾರಿ ಯಾಕ ಹಂಗ ಮಾಡೀದಿ? ತಾಟು ತಗೊಂಡು ಬಾ.”

ತಾಟು ತಂದೆ. ಬಿಸಿ ರೊಟ್ಟಿ ಬಿತ್ತು, ಮೇಲೆ ಪುಂಡಿ ಪಲ್ಲೆ. ಉಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಅವಳು ನನ್ನ ಮುಖ ನೋಡಿ ಇನ್ನೊಂದು ರೊಟ್ಟಿ ಹಾಕಿದಳು.