ಹಸಿ ಪುಡಿಯ ಚೌಕಟ್ಟು

ಐದಾರು ವರ್ಷಗಳ ಹಿಂದಿನ ಮಾತು. ಆಗ ನಾನು ಚನ್ನಗಿರಿ ಸಮೀಪದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಹೊಣೆ ಹೊತ್ತಿದ್ದೆ. ಮರದ ಪುಡಿಯನ್ನು ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ, ಎಕ್ಸ್‌ಟ್ರೂಡರ್ ಎಂಬ ಯಂತ್ರದಲ್ಲಿ ಕರಗಿಸಿ ಒತ್ತಿ, ಬಾಗಿಲ ಚೌಕಟ್ಟು ತಯಾರಿಸುತ್ತಿದ್ದೆವು.

ಒಂದು ವಾರ ನೋಡಿ, ಚೌಕಟ್ಟಿನ ಒಳಗೆಲ್ಲ ಗುಳ್ಳೆ. ಸ್ಕ್ರೂ ಹಿಡಿಯುತ್ತಲೇ ಇರಲಿಲ್ಲ. ಜಗಳೂರಿಗೆ ಕಳಿಸಿದ ಲೋಡು ಹೋದ ಹಾಗೆಯೇ ವಾಪಸ್ ಬಂತು. ಮಾಲೀಕರು ಕೆಂಡಾಮಂಡಲ.

"ಹನುಮಂತಪ್ಪ ಮಷೀನ್ ಮುಂದೆ ನಿದ್ದೆ ಹೊಡಿತಾನೆ. ನಾಳಿಂದ ಬರಾದು ಬ್ಯಾಡ ಅನ್ರಿ" ಎಂದರು.

ಹನುಮಂತಪ್ಪ ನಮ್ಮ ಹಳೆಯ ಆಪರೇಟರ್. ಅವರ ದುಡಿಮೆಯಲ್ಲೇ ಮನೆ ನಡೆಯಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು.

"ಕಾರಣ ಗೊತ್ತಾಗೋ ತನಕ ಅವರನ್ನ ಕಳಿಸಾಕೆ ನಾನು ಬಿಡಲ್ಲ ಸಾರ್. ಕಳಿಸಾದೇ ಆದ್ರೆ ನನ್ನನ್ನೂ ಕಳಿಸ್ರಿ" ಎಂದೆ.

ಈ ಮಾಲಿನ ಹಣೆಬರಹವೆಲ್ಲ ಪುಡಿಯಲ್ಲಿದೆ. ಕಣ ನೀಳವಾಗಿದ್ದರೆ ಬಲ ಬರುತ್ತದೆ. ತೀರಾ ದಪ್ಪಗಿದ್ದರೆ ಮೈ ಒರಟಾಗುತ್ತದೆ. ತೇವವಂತೂ ನೂರಕ್ಕೆ ಒಂದು ಪಾಲು ಮೀರಬಾರದು. ಮೀರಿದರೆ ಬಿಸಿಗೆ ಹಬೆಯಾಗಿ ಒಳಗೇ ಗುಳ್ಳೆ ಕಟ್ಟುತ್ತದೆ. ಆ ವಾರವೇ ಮಾಲೀಕರು, ನನಗೊಂದು ಮಾತೂ ಹೇಳದೆ, ಹೊನ್ನಾಳಿಯ ಬೇರೆ ಮಿಲ್ಲಿನಿಂದ ಪುಡಿ ತರಿಸಿದ್ದರು. ಅದನ್ನು ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿದೆ. ಒಂಬತ್ತು ಪಾಲು ನೀರು! ಮಿಲ್ಲಿಗೆ ಫೋನ್ ಹಚ್ಚಿದೆ.

"ಲಾರಿ ಹೋಗುವಾಗ ಧೂಳು ಹಾರಿ ಬೈಕ್‌ನೋರ ಕಣ್ಣಿಗೆ ಬೀಳ್ತೈತಲ್ರೀ ಮೇಡಂ, ಅದಕ್ಕೇ ಒಂದೀಟು ನೀರು ಹೊಡಿತೀವಿ" ಎಂದರು ಅಲ್ಲಿಯವರು. ಪಾಪ, ಅವರನ್ನು ಹೇಗೆ ಬಯ್ಯಲಿ?

ಅದೇ ಪುಡಿಯನ್ನು ಒಣಗಿಸಿ ಕೊಟ್ಟೆ. ಹನುಮಂತಪ್ಪ ತೆಗೆದ ಚೌಕಟ್ಟಿನಲ್ಲಿ ಒಂದೂ ಗುಳ್ಳೆಯಿಲ್ಲ. ಮಾಲೀಕರು ಒಪ್ಪಬೇಕಲ್ಲ!

"ನೀವು ನಿಂತಿದ್ರಿ ಅಂತ ಇವತ್ತು ಹುಷಾರಾಗಿ ಮಾಡ್ಯಾನೆ."

"ಹಂಗಾದ್ರೆ ಹಸಿ ಪುಡಿ ಹಾಕಿ ನೀವೇ ನಡೆಸ್ರಿ ಸಾರ್."

ಅವರೂ ಒಂದು ಕಾಲದಲ್ಲಿ ಯಂತ್ರ ನಡೆಸಿದವರೇ. ಅಂಗಿಯ ತೋಳು ಮಡಚಿ ಯಂತ್ರದ ಮುಂದೆ ನಿಂತರು. ಕೆಲಸಗಾರರೆಲ್ಲ ಸುತ್ತ ನೆರೆದರು. ಹೊರಬಂದ ಚೌಕಟ್ಟನ್ನು ಗರಗಸದಿಂದ ಕೊಯ್ದು ಅವರ ಕೈಗೇ ಕೊಟ್ಟೆ. ಒಳಗೆಲ್ಲ ಗುಳ್ಳೆ.

"ಈಗ ಯಾರನ್ನ ಮನೆಗೆ ಕಳಿಸಾದು ಸಾರ್?"

ಅವರು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹನುಮಂತಪ್ಪನ ಕಡೆ ತಿರುಗಿ, "ನಾಳೆ ಬಾರಪ್ಪ. ಮೊದ್ಲು ಪುಡಿ ಒಣಗಿಸಾಕೆ ಒಂದು ವ್ಯವಸ್ಥೆ ಮಾಡಾಣ" ಎಂದರು.

ಮಾಲು ಕೆಟ್ಟರೆ ಮೊದಲು ಮಾಲನ್ನು ಪರೀಕ್ಷಿಸಬೇಕು, ಮನುಷ್ಯನನ್ನಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಎದುರಿಗೆ ಯಾರೇ ಕೂತಿರಲಿ, ಇದನ್ನು ನಾನು ದನಿ ತಗ್ಗಿಸಿ ಹೇಳುವವಳಲ್ಲ.