ಶೆಟ್ಟರ ದನಿಯಲ್ಲಿ ನಾನು ಆಡಿದ ಮಾತು

ಅಮೆರಿಕದ ರೆಂಟನ್ನಿನ ಆ ಹಳೆಯ ಪಬ್ಬಿನಲ್ಲಿ ಅಂದು ಗಿರಾಕಿ ಅರ್ಲ್‌ಗೆ ಕಾರಿನ ಕೀಲಿ ಕೊಡಿಸಿದ್ದು ಮಾಲೀಕರಾದ ಶೆಟ್ಟರಲ್ಲ, ನಾನು. ಶೆಟ್ಟರ ದನಿಯನ್ನು ಅನುಕರಿಸಿ ಕೊಡಿಸಿದೆ. ಹತ್ತು ನಿಮಿಷದೊಳಗೆ ಆ ಕಾರು ಬಸ್‌ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಹೆಂಗಸನ್ನು ಕೊಂದಿತು. ಇದನ್ನು ನಾಲ್ಕು ವರ್ಷ ನುಂಗಿಕೊಂಡಿದ್ದೆ — ಊರಿನವರ ದನಿಯನ್ನೆಲ್ಲ ಅನುಕರಿಸುತ್ತಿದ್ದ ನಾನು.

ನನ್ನನ್ನು ಬಲ್ಲವರಿಗೆ ಗೊತ್ತು, ಯಾರನ್ನೂ ಬಿಟ್ಟವನಲ್ಲ. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಮ್ಯಾನೇಜರನ ಕೆಮ್ಮು, ಮೈಸೂರಿನಿಂದ ಫೋನ್ ಮಾಡುವ ಅಮ್ಮನ ನಿಟ್ಟುಸಿರು, ಹುಡುಗಿಯರೆದುರು ಇಂಗ್ಲಿಷ್ ಮಾತಾಡುವಾಗಿನ ನನ್ನದೇ ತೊದಲು — ಎಲ್ಲವನ್ನೂ ಮಾಡಿ ತೋರಿಸಿ ಪುಕ್ಕಟೆ ಬಿಯರ್ ಗಿಟ್ಟಿಸಿದವನು.

ಆ ಪಬ್ಬು ಹುಟ್ಟಿದ್ದೇ ವಿಮಾನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವರಿಗಾಗಿ. ಮೊದಲ ಮಾಲೀಕ ಕೌಂಟರಿನ ಹಿಂದಿನ ಹಲಗೆಗೆ ಸಾಲಾಗಿ ಮೊಳೆ ಹೊಡೆದಿದ್ದನಂತೆ. ಬಂದವರು ಕಾರಿನ ಕೀಲಿಯನ್ನು ಮೊಳೆಗೆ ಹಾಕಬೇಕು. ಹೋಗುವಾಗ ಮಾಲೀಕ ಮುಖ ನೋಡಿ ಸರಿ ಎಂದರಷ್ಟೇ ವಾಪಸ್ಸು. ಇಲ್ಲದಿದ್ದರೆ ಅವನೇ ಮನೆಗೆ ಬಿಟ್ಟು ಬರುತ್ತಿದ್ದ. ಗಂಡನನ್ನು ನಂಬದ ಹೆಂಗಸರೂ ಆ ಹಲಗೆಯನ್ನು ನಂಬುತ್ತಿದ್ದರು ಎಂದು ಹಳೆಯ ಗಿರಾಕಿ ಅರ್ಲ್ ಹೇಳುತ್ತಿದ್ದ. ಮೂರು ಕೈ ಬದಲಾಗಿ ಪಬ್ಬು ಕುಂದಾಪುರದ ಶೆಟ್ಟರಿಗೆ ಬಂದಾಗಲೂ ಹಲಗೆ ಉಳಿಯಿತು, ಪದ್ಧತಿಯೂ ಉಳಿಯಿತು. ಕೌಂಟರಿನಲ್ಲಿ ನಿಲ್ಲುವ ಅವರ ಹೆಂಡತಿ ಸರೋಜಕ್ಕ ಕೂಡ ಶೆಟ್ಟರು ಹೇಳದೆ ಕೀಲಿ ಮುಟ್ಟುತ್ತಿರಲಿಲ್ಲ.

ಅಂದು ಶನಿವಾರ ಮಧ್ಯಾಹ್ನ. ಶೆಟ್ಟರು ಹಿಂದಿನ ಕೋಣೆಯಲ್ಲಿ ಬಿಯರ್ ಪೀಪಾಯಿ ಬದಲಿಸುತ್ತಿದ್ದರು. ಚೆನ್ನಾಗಿ ಕುಡಿದಿದ್ದ ಅರ್ಲ್ ಕೀಲಿಗಾಗಿ ಪೀಡಿಸುತ್ತಿದ್ದ. ಸರೋಜಕ್ಕ ನನ್ನತ್ತ ತಿರುಗಿ ಗೊಣಗಿದರು: "ಇವನ್ ತಲೆಬಿಸಿ ಕಾಣ್ ಮಾರಾಯ. ನಿಂಗೆ ನಗಿ, ಅಲ್ದಾ?"

"ನಿಮ್ಮನ್ನ ಬಿಟ್ರೆ ಅವನಿಗೆ ಯಾರಿದಾರೆ ಅಕ್ಕ!" ಎಂದು ಕಿಚಾಯಿಸಿ ಟಾಯ್ಲೆಟ್ಟಿನ ಕಡೆ ನಡೆದೆ. ಅದು ಹಿಂದಿನ ಕೋಣೆಯ ಪಕ್ಕದಲ್ಲೇ. ಅಲ್ಲಿ, ಗೋಡೆಯ ಮರೆಯಲ್ಲಿ ನಿಂತು, ಶೆಟ್ಟರ ಗೊಗ್ಗರು ದನಿಯಲ್ಲಿ ಕೂಗಿದೆ:

"ಏ ಸರೋಜ, ಕೊಡ್ ಮಾರಾಯ್ತಿ. ಅವ ಸಮ ಇದ್ದ, ಹೋಯ್ಲಿ."

ಅಕ್ಕ ಗುರುತು ಹಿಡಿದು ಬೈಯುತ್ತಾರೆ, ನಗುತ್ತೇವೆ — ಅಂದುಕೊಂಡದ್ದು ಅಷ್ಟೇ. ಅವರು ಮೊಳೆಯಿಂದ ಕೀಲಿ ತೆಗೆದರು. ಇಣುಕಿ ನೋಡಿದೆ. ಅರ್ಲ್‌ಗೆ ಮಂಡಿನೋವು, ಬಾಗಿಲು ತಲುಪಲು ಅವನಿಗೆ ಹೊತ್ತು ಹಿಡಿಯಿತು. "ಅಕ್ಕಾ, ಅದು ನಾನು" ಎನ್ನಲು ಬೇಕಾದಷ್ಟು ಹೊತ್ತು. ದನಿ ಎಷ್ಟು ಚೆನ್ನಾಗಿ ಬಂತಲ್ಲ ಎಂದು ಹಿಗ್ಗುತ್ತಾ ನಿಂತಿದ್ದೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ — ಇಲ್ಲ.

ಪೊಲೀಸರು ಬಂದಾಗ ಸರೋಜಕ್ಕ, ಗಂಡ ಹೇಳಿದ್ದಕ್ಕೆ ಕೊಟ್ಟೆ ಎಂದರು. ಶೆಟ್ಟರು ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ, ಹೌದು, ನಾನೇ ಹೇಳಿದ್ದು ಎಂದರು. ಪೊಲೀಸರು ನನ್ನನ್ನೂ ಕೇಳಿದರು. ಟಾಯ್ಲೆಟ್ಟಿನಲ್ಲಿದ್ದೆ, ಏನೂ ಕೇಳಿಸಲಿಲ್ಲ ಎಂದೆ. ಅರ್ಲ್ ಜೈಲಿಗೆ ಹೋದ. ಶೆಟ್ಟರ ಮದ್ಯದ ಲೈಸೆನ್ಸ್ ಹೋಯಿತು, ಪಬ್ಬು ಮುಚ್ಚಿತು.

ತಪ್ಪಿಸಿಕೊಳ್ಳಲು ಹೆಂಡತಿ ತಮ್ಮ ಹೆಸರು ಹೇಳಿದಳು ಎಂದು ಶೆಟ್ಟರು ನಂಬಿದರು. ಪೊಲೀಸರೆದುರು ಒಪ್ಪಿಕೊಂಡವರು ಮನೆಗೆ ಬಂದು ಉಲ್ಟಾ ಹೊಡೆದರು ಎಂದು ಸರೋಜಕ್ಕ ನಂಬಿದರು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ, ಅವರು ಬಂದು ಉಣ್ಣುತ್ತಾರೆ. ನಾನು ತಿಂಗಳಿಗೊಮ್ಮೆ ಹೋಗಿ, ಇಬ್ಬರ ದೂರನ್ನೂ ಬೇರೆ ಬೇರೆಯಾಗಿ ಕೇಳಿ, ತಲೆಯಾಡಿಸಿ, ಕಾಫಿ ಕುಡಿದು ಬರುತ್ತಿದ್ದೆ — ಕಾಫಿ ಬೇರೆ!

ಕಳೆದ ಭಾನುವಾರ ಅಡುಗೆಮನೆಯಲ್ಲಿ ಸರೋಜಕ್ಕನಿಗೆ ಹೇಳಿದೆ. ನಂಬಲಿಲ್ಲ. "ಇವ್ರನ್ನ್ ಉಳ್ಸುಕೆ ನೀ ಸುಳ್ಳ್ ಹೇಳ್ಬೇಡ. ಗಂಡನ್ ಸ್ವರ ನಂಗ್ ಗೊತ್ತಾತಿಲ್ಯಾ?" ಎಂದು ಒಲೆಯ ಕಡೆ ತಿರುಗಿದರು.

ಆ ಶನಿವಾರದ ನಂತರ ನಾನು ಯಾರ ದನಿಯನ್ನೂ ಅನುಕರಿಸಿರಲಿಲ್ಲ. ಅವರ ಬೆನ್ನ ಹಿಂದೆ ನಿಂತು, ಅದೇ ಮಾತನ್ನು ಹಾಗೆಯೇ ಹೇಳಿದೆ.

"ಹ್ವಾಯ್, ಎಂತ?" — ಅಕ್ಕ ಒಳಕೋಣೆಯ ಮುಚ್ಚಿದ ಬಾಗಿಲಿಗೆ ಓಗೊಟ್ಟರು. ಆಮೇಲೆ ನಿಧಾನವಾಗಿ ನನ್ನತ್ತ ತಿರುಗಿದರು.

ಬಾಗಿಲು ತೆರೆಯಿತು. ನಾಲ್ಕು ವರ್ಷದ ಮೇಲೆ ಹೆಂಡತಿ ಮಾತಾಡಿಸಿದಳೆಂದು ಶೆಟ್ಟರು ಲುಂಗಿ ಸರಿಪಡಿಸಿಕೊಳ್ಳುತ್ತಾ ಎದ್ದು ಬಂದಿದ್ದರು.

ಇಬ್ಬರ ಮುಂದೆಯೂ ಮೊದಲಿನಿಂದ ಹೇಳಿದೆ. ಅವರು ಬೈಯಲಿಲ್ಲ. ಕೂತುಕೋ ಎನ್ನಲೂ ಇಲ್ಲ.

ಸತ್ತ ಹೆಂಗಸಿಗೆ ಒಬ್ಬ ಮಗಳಿದ್ದಾಳೆ. ನಾಳೆ ಪೊಲೀಸರ ಬಳಿ ಹೋಗಿ, ಆಮೇಲೆ ಅವಳ ಮನೆಯ ಬಾಗಿಲು ತಟ್ಟಬೇಕು. ಅಲ್ಲಿ ಮಾಡಿ ತೋರಿಸುವಂಥದ್ದು ಏನೂ ಇಲ್ಲ.